ಹಡಗಿನ ಹೋಟೆಲಿಗೆ ಹೋದರೆ ಮೊದಲು ನೀರಿನ ಗೆರೆ ನೋಡಿ

ಮಕ್ಕಳ ಮನೆಗೆಂದು ದುಬೈಗೆ ಹೊರಟು ನಿಂತ ಮಂಗಳೂರು, ಉಡುಪಿ ಕಡೆಯ ಗೆಳೆಯರು ನನಗೆ ಫೋನ್ ಮಾಡಿ ಕೇಳುವುದು ಸಾಮಾನ್ಯವಾಗಿ ಇಷ್ಟೇ: "ಮೀನಾ ರಶೀದ್ ಬಂದರಿನಲ್ಲಿ ಹಳೆಯ ಹಡಗೊಂದು ಹೋಟೆಲಾಗಿ ನಿಂತಿದೆಯಂತೆ. ಒಂದು ರಾತ್ರಿ ಮಲಗಿ ಬರಬಹುದೇ? ಮುಳುಗುವುದಿಲ್ಲ ತಾನೇ?" ಹಡಗಿನ ಎಂಜಿನ್ ಕೋಣೆಯಲ್ಲಿ ಅರ್ಧ ಆಯುಷ್ಯ ಬೆವರು ಹರಿಸಿ, ಆಮೇಲೆ ಹಡಗುಗಳ ತಗಡಿನ ದಪ್ಪ ಅಳೆಯುತ್ತ ಹೊಟ್ಟೆ ಹೊರೆದವನು ನಾನು. ನೀವು ಮಲಗುವ ರಾತ್ರಿ ಅದು ಮುಳುಗುವುದಿಲ್ಲ, ಧೈರ್ಯವಾಗಿ ಹೋಗಿ. ಆದರೆ ಇಂಥ ಹಡಗು ಇನ್ನು ಇಪ್ಪತ್ತು ವರ್ಷ ಅಲ್ಲೇ ಇರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದರ ಉತ್ತರ ಹೋಟೆಲಿನವರು ಕೊಡುವ ಬಣ್ಣದ ಕೈಪಿಡಿಯಲ್ಲಿ ಇರುವುದಿಲ್ಲ. ಹಡಗಿನ ಮೈಮೇಲೆ ಇರುತ್ತದೆ, ಅದರ ಯಜಮಾನನ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಎರಡನ್ನೂ ನೀವೇ ಓದಬಹುದು. ಹೇಗೆಂದು ಹೇಳುತ್ತೇನೆ.

ಮೊದಲು, ನಾನು ಯಾವ ಹಡಗುಗಳ ಮಾತಾಡುತ್ತಿದ್ದೇನೆ ಎಂಬುದು ಸ್ಪಷ್ಟವಾಗಲಿ. ಅವು ಲೈನರ್‌ಗಳು. ಲೈನರ್ ಎಂದರೆ ಮೋಜಿನ ವಿಹಾರಕ್ಕೆಂದು ಕಟ್ಟಿದ ಹಡಗಲ್ಲ. ವೇಳಾಪಟ್ಟಿ ತಪ್ಪದೆ, ಚಳಿಗಾಲದ ಅಟ್ಲಾಂಟಿಕ್‌ನ್ನೂ ಸೀಳಿಕೊಂಡು ಆಚೆ ದಡ ಸೇರಬೇಕಾಗಿದ್ದ ಹಡಗು. ಅದರ ಉಕ್ಕು ದಪ್ಪ, ಮೂತಿ ಚೂಪು, ನೀರಿನೊಳಗಿನ ಭಾಗ ಆಳ. ಅವುಗಳಲ್ಲಿ ಇಂದು ಹಾಸಿಗೆ ಸಿಗುವಂಥವು ಬೆರಳೆಣಿಕೆಯಷ್ಟು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಕ್ವೀನ್ ಮೇರಿ, ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ಅದೇ ಹೆಸರಿನ ಹಡಗು, ದುಬೈಯಲ್ಲಿ ಕ್ವೀನ್ ಎಲಿಜಬೆತ್ 2 — ಎಲ್ಲರೂ ಕರೆಯುವಂತೆ ಕ್ಯೂಇ2. ಯೊಕೊಹಾಮಾದ ಹಿಕಾವಾ ಮಾರು 1930ರ ಹಡಗು. ಹಿಂದೊಮ್ಮೆ ಅದು ಯೂತ್ ಹಾಸ್ಟೆಲ್ ಆಗಿತ್ತು, ಈಗ ಬರೀ ವಸ್ತುಸಂಗ್ರಹಾಲಯ.

ಕೋಣೆ ಕಾಯ್ದಿರಿಸುವ ಮೊದಲು ಒಂದು ವಿಷಯ ಹುಡುಕಿ: ಹಡಗಿನ ಯಜಮಾನ ಯಾರು, ಹೋಟೆಲ್ ನಡೆಸುವವರು ಯಾರು. ಇಬ್ಬರೂ ಒಬ್ಬರೇ ಆಗಿರುವುದು ಅಪರೂಪ. ಕಂತಿನ ಮೇಲೆ ಗುತ್ತಿಗೆ ಹಿಡಿದವನು ಪರದೆ ಬದಲಿಸುತ್ತಾನೆ, ಕಾರ್ಪೆಟ್ ಹಾಸುತ್ತಾನೆ, ಬಾರ್‌ಗೆ ಹೊಸ ದೀಪ ಹಾಕುತ್ತಾನೆ. ನೀರಿನ ಕೆಳಗಿನ ತಗಡಿಗೆ ಅವನು ಕೈಯಿಂದ ದುಡ್ಡು ಬಿಚ್ಚುವುದಿಲ್ಲ. ಅದನ್ನು ಯಾವ ಅತಿಥಿಯೂ ನೋಡುವುದಿಲ್ಲ, ಅದರಿಂದ ಒಂದು ಕೋಣೆಯೂ ಹೆಚ್ಚಿಗೆ ತುಂಬುವುದಿಲ್ಲ.

ಕ್ವೀನ್ ಮೇರಿಯ ಕಥೆ ಇದಕ್ಕೆ ಪಾಠಪುಸ್ತಕ. ಲಾಂಗ್ ಬೀಚ್ ನಗರ ಅವಳನ್ನು 1967ರಲ್ಲಿ 34.5 ಲಕ್ಷ ಡಾಲರಿಗೆ ಕೊಂಡಿತು. ದುಡ್ಡು ಬಂದದ್ದು ಆ ಊರಿನ ಕಡಲಂಚಿನ ತೈಲದ ಆದಾಯದಿಂದ. 1972ರಲ್ಲಿ ಹೋಟೆಲ್ ತೆರೆಯಿತು. ಅಲ್ಲಿಂದ ಇಲ್ಲಿಯವರೆಗೆ ಗುತ್ತಿಗೆದಾರರು ಒಬ್ಬರಾದ ಮೇಲೊಬ್ಬರು ಬಂದರು. ಡಿಸ್ನಿ ಕಂಪನಿಯೇ 1988ರಲ್ಲಿ ವಹಿಸಿಕೊಂಡು, ನಷ್ಟ ಸಾಕಾಗಿ 1992ರಲ್ಲಿ ಬಿಟ್ಟು ಹೋಯಿತು. ಆಮೇಲೆ ಬಂದವರಲ್ಲಿ ದಿವಾಳಿಯ ಅರ್ಜಿ ಹಾಕಿದವರೂ ಇದ್ದಾರೆ. 2016ರಲ್ಲಿ ಒಬ್ಬರು 66 ವರ್ಷದ ಗುತ್ತಿಗೆಗೆ ಸಹಿ ಹಾಕಿದರು. ದುರಸ್ತಿಗೆಂದು ನಗರವೇ 2.3 ಕೋಟಿ ಡಾಲರ್ ಸಾಲವೆತ್ತಿ ಕೊಟ್ಟಿತು. ಮುಂದಿನ ವರ್ಷ ಬಹಿರಂಗವಾದ ತಜ್ಞರ ವರದಿ, ಹಡಗಿಗೆ ಬೇಕಾದ ಕೆಲಸದ ವೆಚ್ಚ 28.9 ಕೋಟಿ ಡಾಲರ್‌ವರೆಗೆ ಹೋಗಬಹುದು ಎಂದಿತು. ಅಗತ್ಯವಿದ್ದದ್ದರಲ್ಲಿ ಹತ್ತನೇ ಒಂದು ಪಾಲೂ ಕೈಯಲ್ಲಿರಲಿಲ್ಲ! 2021ರಲ್ಲಿ ಗುತ್ತಿಗೆಯ ಕಂಪನಿ ದಿವಾಳಿಯಾಗಿ, ಬಹಳ ವರ್ಷಗಳ ಬಳಿಕ ಹಡಗು ನೇರವಾಗಿ ನಗರದ ಕೈಗೆ ಬಂತು. ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಹೋಟೆಲ್ ಮತ್ತೆ ತೆರೆದದ್ದು 2023ರಲ್ಲಿ. ನನ್ನ ಅಭಿಪ್ರಾಯದಲ್ಲಿ ನಗರದ ಕೈಗೆ ಬಂದದ್ದೇ ಆ ಹಡಗಿಗೆ ಸಿಕ್ಕ ಒಳ್ಳೆಯ ಸುದ್ದಿ. ಯಜಮಾನನೇ ಬಿಲ್ ನೋಡುವಂತಾದ ಮೇಲೆ ಮೊದಲು ಆದ ಕೆಲಸಗಳೆಂದರೆ ಒಳಗಿನ ಅಡ್ಡಗೋಡೆಗಳ ದುರಸ್ತಿ, ತಳದ ನೀರು ಹೊರಹಾಕುವ ಬಿಲ್ಜ್ ಪಂಪುಗಳು. ಫೋಟೊಗೆ ಬೀಳದ ಕೆಲಸಗಳು.

ರಾಟರ್‌ಡ್ಯಾಮ್ ಹಡಗಿನದು ಇದರ ಉಲ್ಟಾ ಕಥೆ. ಬಡವರಿಗೆ ಮನೆ ಕಟ್ಟಿಕೊಡಬೇಕಾದ ವಸತಿ ಸಂಸ್ಥೆಯೊಂದು ಅದಕ್ಕೆ ಕೈಹಾಕಿ, ಕಲ್ನಾರು (ಆಸ್ಬೆಸ್ಟಾಸ್) ತೆಗೆಸುವುದರಿಂದ ಹಿಡಿದು ಎಲ್ಲ ಖರ್ಚೂ ಸೇರಿ 20 ಕೋಟಿ ಯೂರೋಗೂ ಹೆಚ್ಚು ಸುರಿಯಿತು. ಕೊನೆಗೆ ಡಚ್ ಸಂಸತ್ತಿನ ವಿಚಾರಣೆಯಲ್ಲಿ ತಲೆ ತಗ್ಗಿಸಬೇಕಾಯಿತು. 2013ರಲ್ಲಿ ಒಂದು ಹೋಟೆಲ್ ಸಮೂಹ ಅದನ್ನು ಸುಮಾರು 3 ಕೋಟಿ ಯೂರೋಗೆ ಕೊಂಡಿತು. ವಸತಿ ಸಂಸ್ಥೆ ಕೈ ಸುಟ್ಟುಕೊಂಡಿತು, ಹಡಗು ಬದುಕಿತು. ಮೊದಲೇ ಶುದ್ಧವಾದ, ಸಾಲವಿಲ್ಲದ ಹಡಗು ಅಗ್ಗಕ್ಕೆ ಸಿಕ್ಕವನಿಗೆ ಹೋಟೆಲ್ ನಡೆಸುವುದು ಕಷ್ಟವಲ್ಲ. ಮೂರರಲ್ಲಿ ಯಾವುದು ಹೆಚ್ಚು ಕಾಲ ಇರುತ್ತದೆ ಎಂದು ಕೇಳಿದರೆ ನಾನು ಇದರ ಕಡೆಗೆ ಕೈ ತೋರಿಸುತ್ತೇನೆ. ಅದು ನಿಂತಿರುವುದು ನದಿಯಲ್ಲಿ, ತೆರೆದ ಕಡಲಿನಲ್ಲಲ್ಲ. ಉಪ್ಪು ಕಡಿಮೆ ಇದ್ದಷ್ಟೂ ಉಕ್ಕು ತಡವಾಗಿ ತಿನ್ನಿಸಿಕೊಳ್ಳುತ್ತದೆ.

ಇನ್ನು ಹಡಗಿನ ಮೈ ಓದುವುದು. ಬಂದರಿಗೆ ಬೆಳಗ್ಗೆ ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ. ನೆತ್ತಿಯ ಬಿಸಿಲಿನಲ್ಲಿ ಹಡಗಿನ ಪಕ್ಕೆ ಚಪ್ಪಟೆಯಾಗಿ, ನುಣ್ಣಗೆ ಕಾಣುತ್ತದೆ. ಓರೆ ಬೆಳಕಿನಲ್ಲಿ ಒಂದೊಂದು ಉಬ್ಬು, ಒಂದೊಂದು ತಗ್ಗು ನೆರಳು ಚೆಲ್ಲುತ್ತದೆ. ಹಡಗಿಗೆ ಹತ್ತುವ ಸೇತುವೆ, ಅಂದರೆ ಗ್ಯಾಂಗ್‌ವೇ, ಏರುವ ಅವಸರ ಬೇಡ. ಕಟ್ಟೆಯ ಮೇಲೆ ಬಿಟ್ಟಷ್ಟು ದೂರ ನಡೆದು, ಹಡಗಿನ ಮೂತಿಯಲ್ಲಿ ಮತ್ತು ಹಿಂಬದಿಯಲ್ಲಿ ಬರೆದಿರುವ ಅಂಕಿಗಳನ್ನು ಹುಡುಕಿ. ಹಡಗು ಎಷ್ಟು ಆಳ ಮುಳುಗಿದೆ ಎಂದು ಹೇಳುವ ಅಂಕಿಗಳವು. ಮೀಟರಿನಲ್ಲಿ ಬರೆದಿದ್ದರೆ ಒಂದೊಂದು ಅಂಕಿಯೂ 10 ಸೆಂಟಿಮೀಟರ್ ಎತ್ತರ. ಅಡಿಯಲ್ಲಿದ್ದರೆ 6 ಇಂಚು. ಅಂಕಿಯ ಬುಡ ಎಲ್ಲಿದೆಯೋ ಅದೇ ಆ ಅಳತೆ. ಎಂಟು ಮೀಟರ್ ಎಂಬ ಅಂಕಿಯ ಬುಡಕ್ಕೆ ನೀರು ತಾಗಿದ್ದರೆ ಆಳ ಎಂಟು ಮೀಟರ್, ಅಂಕಿ ಅರ್ಧ ಮುಳುಗಿದ್ದರೆ ಎಂಟು ಮೀಟರ್ ಐದು ಸೆಂಟಿಮೀಟರ್. ಮುಂದಿನದನ್ನೂ ಹಿಂದಿನದನ್ನೂ ಗುರುತು ಮಾಡಿಕೊಳ್ಳಿ, ಫೋಟೊ ತೆಗೆಯಿರಿ. ಹಡಗು ಉಬ್ಬರ ಇಳಿತಕ್ಕೆ ಏರಿಳಿದರೂ ಈ ಓದು ಬದಲಾಗುವುದಿಲ್ಲ, ಏಕೆಂದರೆ ನೀರಿನ ಜೊತೆ ಹಡಗೂ ಏಳುತ್ತದೆ. ಬದಲಾದರೆ ಯಾರೋ ಒಳಗೆ ಭಾರ ಸರಿಸಿದ್ದಾರೆ, ಇಲ್ಲವೇ ಬೇಡದ ಕಡೆ ನೀರು ಸೇರುತ್ತಿದೆ.

ಆಮೇಲೆ ನೀರಿಗೂ ಗಾಳಿಗೂ ನಡುವಿನ ಆ ಒಂದು ಮೀಟರ್ ಪಟ್ಟಿಯನ್ನು ಗಮನಿಸಿ. ಪೂರ್ತಿ ಮುಳುಗಿದ ಉಕ್ಕನ್ನು ತಳಕ್ಕೆ ಬೆಸೆದ ಸತುವಿನ ಗಟ್ಟಿಗಳು ಕಾಯುತ್ತವೆ. ತುಕ್ಕು ಮೊದಲು ಸತುವನ್ನು ತಿಂದು ಉಕ್ಕನ್ನು ಬಿಡುತ್ತದೆ. ಮೇಲಿನ ಒಣ ಭಾಗವನ್ನು ಏಣಿ ಹಾಕಿ ಬಣ್ಣ ಬಳಿಯಬಹುದು. ನಡುವಿನ ಪಟ್ಟಿಗೆ ಈ ಎರಡೂ ಇಲ್ಲ. ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗಿ ಅದು ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಓಡುವ ಹಡಗಿನಲ್ಲಿ ಸರಕಿನ ಭಾರಕ್ಕೆ ತಕ್ಕಂತೆ ನೀರಿನ ಗೆರೆ ಮೇಲೆ ಕೆಳಗೆ ಆಗುತ್ತಿರುತ್ತದೆ. ನಿಂತ ಹಡಗಿನಲ್ಲಿ ದಶಕಗಟ್ಟಲೆ ಒಂದೇ ಜಾಗ. ದುಬೈಯ ಕಡಲಿನಲ್ಲಿ ಇದು ಇನ್ನೂ ಕೆಟ್ಟದ್ದು: ಬೇಸಿಗೆಯಲ್ಲಿ ನೀರೇ 30 ಡಿಗ್ರಿ ದಾಟುತ್ತದೆ, ಉಪ್ಪು ಲೀಟರಿಗೆ ಸುಮಾರು 40 ಗ್ರಾಂ. ಅಲ್ಲಲ್ಲಿ ಕಂದು ಗೆರೆ ಇಳಿದಿದ್ದರೆ ಗಾಬರಿ ಬೇಡ, ಅದು ಮೇಲಿನ ಯಾವುದೋ ಕೊಳವೆಯದ್ದಿರಬಹುದು. ಬಣ್ಣ ಹಪ್ಪಳದ ಹಾಗೆ ಉಬ್ಬಿ, ಕೆಳಗಿನ ಉಕ್ಕು ಪದರ ಪದರವಾಗಿ ಬಿಟ್ಟುಕೊಂಡಿದ್ದರೆ ಮಾತ್ರ ನಿಂತು ನೋಡಿ. ಹೊಚ್ಚ ಹೊಸ ಬಣ್ಣ ಕಂಡರೆ ನಾನು ಇನ್ನೂ ಹೆಚ್ಚು ಅನುಮಾನ ಪಡುತ್ತೇನೆ. ಕ್ವೀನ್ ಮೇರಿಯ ಮೂರು ಚಿಮಣಿಗಳನ್ನು ಹೋಟೆಲಾಗಿ ಪರಿವರ್ತಿಸುವ ಕಾಲದಲ್ಲಿ ಎತ್ತಿ ಕೆಳಗಿಳಿಸಿದಾಗ ಅವು ಕುಸಿದು ಹೋದವು. ಉಕ್ಕು ಎಂದೋ ಹೋಗಿ, ಬಣ್ಣದ ಪದರಗಳೇ ಅವುಗಳನ್ನು ಹಿಡಿದು ನಿಲ್ಲಿಸಿದ್ದವು. ಈಗ ಕಾಣುವವು ಅಲ್ಯೂಮಿನಿಯಂನಲ್ಲಿ ಮಾಡಿದ ಪ್ರತಿಗಳು.

ಅಲ್ಯೂಮಿನಿಯಂ ಎಂದಾಗ ಕ್ಯೂಇ2ಗೆ ಬರಬೇಕು. ಕೆಳಗಿನ ಒಡಲು ಉಕ್ಕು, ಮೇಲಿನ ಕಟ್ಟಡ ಅಲ್ಯೂಮಿನಿಯಂ. ಎರಡು ಲೋಹ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಕರಗುತ್ತದೆ. ಕಟ್ಟಿದವರು ನಡುವೆ ತಡೆ ಇಟ್ಟೇ ಜೋಡಿಸಿರುತ್ತಾರೆ, ಆದರೆ ಆ ತಡೆಗೂ ವಯಸ್ಸಾಗುತ್ತದೆ. ಹೊರಗಿನ ಡೆಕ್‌ಗಳಲ್ಲಿ ಓಡಾಡುವಾಗ ಜೋಡಣೆಗಳ ಬಳಿ ಬಿಳಿ ಪುಡಿ ಕಂಡರೆ ಅದು ಯಾರೋ ಚೆಲ್ಲಿದ ಸುಣ್ಣವಲ್ಲ. ತೇಗದ ಹಲಗೆಯ ಡೆಕ್ ಇದ್ದರೆ ಹಲಗೆಗಳ ನಡುವಿನ ಕಪ್ಪು ಡಾಂಬರಿನ ಗೆರೆಯನ್ನು ಬಗ್ಗಿ ನೋಡಿ. ಅದು ಬಿರುಕು ಬಿಟ್ಟಿದ್ದರೆ ನೀರು ಹಲಗೆಯ ಕೆಳಗೆ ಸೇರಿ, ಹೊರಬರಲು ದಾರಿಯಿಲ್ಲದೆ ಕೆಳಗಿನ ಲೋಹವನ್ನು ತಿನ್ನುತ್ತಿರುತ್ತದೆ. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳ (ಮರದ ಸರಕು ಹಡಗುಗಳ) ಖಲಾಸಿಗಳನ್ನು ಕೇಳಿ, ಸಂದು ಬಿಟ್ಟ ಹಲಗೆ ಏನು ಮಾಡುತ್ತದೆ ಎಂದು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಒಳಗೆ ಹೋದ ಮೇಲೆ ಬಹಳ ಜನ ಹೆದರುವುದು ನೆಲ ಓರೆಯಾಗಿರುವುದನ್ನು ಕಂಡು. ಕ್ವೀನ್ ಮೇರಿಯ ಉದ್ದನೆಯ ಓಣಿಯಲ್ಲಿ ನಿಂತರೆ ಎರಡೂ ತುದಿ ಮೇಲಕ್ಕೆ ಬಾಗಿದಂತೆ ಕಾಣುತ್ತದೆ. ಅದು ದೋಷವಲ್ಲ. ಅಲೆ ಮೂತಿಯ ಮೇಲೆ ನುಗ್ಗದಿರಲೆಂದು ಹಳೆಯ ಹಡಗುಗಳ ಡೆಕ್‌ಗಳನ್ನು ಹಾಗೆಯೇ ಕಟ್ಟುತ್ತಿದ್ದರು. ಅಡ್ಡಕ್ಕೂ ನಡು ಕೊಂಚ ಉಬ್ಬಿರುತ್ತದೆ, ನೀರು ಹರಿದು ಹೋಗಲೆಂದು. ಹಡಗು ನಿಜವಾಗಿ ಒಂದು ಮಗ್ಗುಲಿಗೆ ವಾಲಿದೆಯೇ ಎಂದು ತಿಳಿಯಲು ಮೊಬೈಲಿನ ಮಟ್ಟ ಅಳೆಯುವ ಆ್ಯಪ್ ತೆರೆದು, ನೆಲದ ಮೇಲಲ್ಲ, ಹಡಗಿನ ಅಡ್ಡಕ್ಕಿರುವ ಗೋಡೆಯ ಬಾಗಿಲ ಚೌಕಟ್ಟಿಗೆ ಲಂಬವಾಗಿ ಹಿಡಿಯಿರಿ. ಅರ್ಧ ಡಿಗ್ರಿಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೂವರೆ ಡಿಗ್ರಿ ದಾಟಿದರೆ ಮಾತ್ರ ಕೌಂಟರಿನಲ್ಲಿ ಕೇಳಿ. ಅವರ ಮುಖ ನೋಡುವುದೇ ಒಂದು ಮಜಾ.

ಲಾಬಿ, ನೃತ್ಯದ ಹಾಲ್, ಕ್ಯಾಪ್ಟನ್ನನ ಕೋಣೆ ಇವನ್ನು ನೋಡಬೇಡಿ ಎನ್ನುವುದಿಲ್ಲ. ಆದರೆ ದುಡ್ಡು ಕೊಟ್ಟು ಒಂದೇ ಒಂದು ಪ್ರವಾಸ ಕೊಳ್ಳುವುದಾದರೆ ಕೆಳಗಿನ ಡೆಕ್‌ಗಳದ್ದನ್ನು ಕೊಳ್ಳಿ. ಕ್ವೀನ್ ಮೇರಿಯಲ್ಲಿ ಉಳಿದಿರುವ ಒಂದೇ ಪ್ರೊಪೆಲ್ಲರನ್ನು ಒಡಲಿನ ಹೊರಗೆ ಕಟ್ಟಿದ ಪೆಟ್ಟಿಗೆಯೊಂದರಲ್ಲಿ, ನೀರೊಳಗೇ ದೀಪ ಹಾಕಿ ತೋರಿಸುತ್ತಾರೆ. ಎಲ್ಲರೂ ಪ್ರೊಪೆಲ್ಲರ್ ನೋಡುತ್ತಾರೆ. ನೀವು ಪಕ್ಕದ ಒಡಲಿನ ತಗಡು ನೋಡಿ. ನೀರಿನಡಿಯ ಚರ್ಮವನ್ನು ಅತಿಥಿಯೊಬ್ಬ ಇಷ್ಟು ಹತ್ತಿರದಿಂದ ಕಾಣಬಹುದಾದ ಜಾಗ ಇನ್ನೊಂದನ್ನು ನಾನು ಕಂಡಿಲ್ಲ. ರಾಟರ್‌ಡ್ಯಾಮ್‌ನಲ್ಲಿ ಸ್ವಯಂಸೇವಕರು ಎಂಜಿನ್ ಕೋಣೆ ತೋರಿಸುತ್ತಾರೆ. ಅವರಲ್ಲಿ ವಯಸ್ಸಾದವರು ಸಿಕ್ಕರೆ ಬಿಡಬೇಡಿ.

ಮಾರ್ಗದರ್ಶಿಯನ್ನು ದೆವ್ವದ ಕಥೆ ಕೇಳುವ ಬದಲು ಇವನ್ನು ಕೇಳಿ. ಹಡಗು ಕೊನೆಯ ಬಾರಿ ಡ್ರೈಡಾಕ್‌ಗೆ, ಅಂದರೆ ನೀರು ಬತ್ತಿಸಿ ಹಡಗಿನ ತಳ ನೋಡುವ ಕಟ್ಟೆಗೆ, ಹೋದದ್ದು ಯಾವಾಗ? ಓಡುವ ಪ್ರಯಾಣಿಕ ಹಡಗು ಐದು ವರ್ಷದಲ್ಲಿ ಕನಿಷ್ಠ ಎರಡು ಸಲ ನೀರಿನಿಂದ ಮೇಲೇರಬೇಕು, ಅದು ನಿಯಮ. ಹೋಟೆಲಿಗೆ ಆ ನಿಯಮವಿಲ್ಲ. ಕ್ವೀನ್ ಮೇರಿ ಪರಿವರ್ತನೆಯ ಸಮಯದ ನಂತರ ಡ್ರೈಡಾಕ್ ಕಂಡಿಲ್ಲ, ಸುತ್ತ ಕಲ್ಲಿನ ಒಡ್ಡು ಕಟ್ಟಿರುವುದರಿಂದ ಸುಲಭವಾಗಿ ಕಾಣುವಂತೆಯೂ ಇಲ್ಲ. ಶಬ್ದತರಂಗ ಹಾಯಿಸಿ ತಗಡಿನ ದಪ್ಪ ಅಳೆದದ್ದು ಯಾವಾಗ? ಸಮುದ್ರದ ನೀರು ಒಳಗೆಳೆಯಲು ತಳದಲ್ಲಿದ್ದ ಕಿಂಡಿಗಳನ್ನು ಹೊರಗಿನಿಂದ ಮುಚ್ಚಿ ಬೆಸುಗೆ ಹಾಕಿದ್ದಾರೆಯೇ? ನಿಂತ ಹಡಗು ಮುಳುಗುವುದು ದೊಡ್ಡ ತೂತಿನಿಂದಲ್ಲ, ಮರೆತುಹೋದ ಹಳೆಯ ಕವಾಟದಿಂದ. ತೆಗೆದುಹಾಕಿದ ಯಂತ್ರಗಳ ಭಾರಕ್ಕೆ ಬದಲಾಗಿ ಏನು ತುಂಬಿದ್ದಾರೆ? ಕ್ವೀನ್ ಮೇರಿಯಿಂದ ಬಾಯ್ಲರ್‌ಗಳನ್ನೂ ಒಂದು ಎಂಜಿನ್ ಕೋಣೆಯನ್ನೂ ಕಿತ್ತರು. ಹಗುರಾದ ಹಡಗು ಸಮತೋಲ ಕಳೆದುಕೊಳ್ಳದಿರಲೆಂದು ಎಣ್ಣೆಯ ಟ್ಯಾಂಕುಗಳಿಗೆ ಕೆಸರು ತುಂಬಿದರು. ಕೆಸರಿನ ಹಿಂದಿರುವ ತಗಡನ್ನು ಒಳಗಿನಿಂದ ನೋಡುವುದು ಯಾರಿಂದಲೂ ಆಗದು. ಮಾರ್ಗದರ್ಶಿಗೆ ಉತ್ತರ ಗೊತ್ತಿಲ್ಲದಿದ್ದರೆ ಅವನ ತಪ್ಪಲ್ಲ. ಪ್ರಶ್ನೆ ಕೇಳಿ ಮೇಲಿನವರಿಗೆ ಬರೆದು ತಿಳಿಸಲು ಹೇಳಿ. ಕ್ವೀನ್ ಮೇರಿಯ ರಕ್ಷಣಾ ದೋಣಿಗಳ ಕೊಳೆತ ಭಾರಕ್ಕೆ ಹಡಗಿನ ಪಕ್ಕೆಯೇ ಬಿರುಕು ಬಿಡುತ್ತಿದೆ ಎಂಬುದು ಗೊತ್ತಾಗಿ ಬಹುತೇಕ ದೋಣಿಗಳನ್ನು ಇಳಿಸಿಬಿಟ್ಟರು. ಅಂದ ಕೆಟ್ಟಿತು ಎಂದು ಗೊಣಗಿದವರಿದ್ದಾರೆ. ನಾನಾಗಿದ್ದರೆ ಹತ್ತು ವರ್ಷ ಮೊದಲೇ ಇಳಿಸುತ್ತಿದ್ದೆ.

ಪತ್ರಿಕೆಯಲ್ಲಿ ಬರುವ ಸುದ್ದಿಯನ್ನು ಓದುವುದೂ ಒಂದು ಕಲೆ. ಕ್ಯೂಇ2ನ್ನು ದುಬೈ ಕೊಂಡದ್ದು 2007ರಲ್ಲಿ, 10 ಕೋಟಿ ಡಾಲರಿಗೆ. ಪಾಮ್ ಜುಮೇರಾ ದ್ವೀಪದ ಬದಿಗೆ ನಿಲ್ಲಿಸುತ್ತೇವೆ, ಚಿಮಣಿ ತೆಗೆದು ಅಲ್ಲಿ ಗಾಜಿನ ಮನೆ ಕಟ್ಟುತ್ತೇವೆ ಎಂದೆಲ್ಲ ಯೋಜನೆಗಳಿದ್ದವು. ಹಡಗು 2008ರ ನವೆಂಬರ್ 26ರಂದು ಬಂದು ಸೇರಿತು. ಅಷ್ಟರಲ್ಲಿ ಜಗತ್ತಿನ ಬ್ಯಾಂಕುಗಳೇ ಮುಗ್ಗರಿಸಿದ್ದವು. 2009ರಲ್ಲಿ ಕೇಪ್‌ಟೌನ್‌ಗೆ ಹೋಗುತ್ತದೆ ಎಂದರು, 2013ರಲ್ಲಿ ಪೂರ್ವ ಏಷ್ಯಾಕ್ಕೆ ಎಂದರು. ಎಲ್ಲಿಗೂ ಹೋಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದಾಗ ಚಿಮಣಿ ತನ್ನ ಜಾಗದಲ್ಲೇ ಇತ್ತು, ಒಳಗಿನ ಹಳೆಯ ಸೊಬಗು ಬಹಳಷ್ಟು ಉಳಿದಿತ್ತು. ದುಡ್ಡಿನ ಬರವೇ ಆ ಹಡಗನ್ನು ವಿಕಾರವಾಗದಂತೆ ಕಾಪಾಡಿತು! ಆದ್ದರಿಂದ ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳ ಜೊತೆ ಬರುವ ಭವ್ಯ ಘೋಷಣೆಯನ್ನು ನಂಬಬೇಡಿ. ಟೆಂಡರ್ ಪ್ರಕಟಣೆ, ಡ್ರೈಡಾಕ್ ಕಾಯ್ದಿರಿಸಿದ ಸುದ್ದಿ, ವಾರ್ಷಿಕ ಬಜೆಟ್ಟಿನ ಸಾಲು ಇವನ್ನು ನಂಬಿ.

ಎಳೆದೊಯ್ಯುವ ಸುದ್ದಿ ಬಂದರೆ ಮಾತ್ರ ಕಿವಿ ನಿಮಿರಬೇಕು. ಅಮೆರಿಕಾ ಎಂಬ ಹೆಸರಿನ ಹಳೆಯ ಹಡಗನ್ನು ಥಾಯ್ಲೆಂಡಿನ ಫುಕೆಟ್‌ನಲ್ಲಿ ಹೋಟೆಲ್ ಮಾಡಲೆಂದು ಗ್ರೀಸಿನಿಂದ ಎಳೆದು ಹೊರಟರು. 1994ರ ಜನವರಿಯಲ್ಲಿ ಬಿರುಗಾಳಿಗೆ ಹಗ್ಗ ಕಡಿದು ಕ್ಯಾನರಿ ದ್ವೀಪಗಳ ದಡಕ್ಕೆ ಬಡಿದು ಎರಡಾಯಿತು. ಜಪಾನಿನಲ್ಲಿ ದಶಕಗಳ ಕಾಲ ತೇಲುವ ಹೋಟೆಲಾಗಿದ್ದ, 1927ರ ಸ್ಟೆಲ್ಲಾ ಪೊಲಾರಿಸ್ ಎಂಬ ಚೆಂದದ ವಿಹಾರ ನೌಕೆಯನ್ನು 2006ರಲ್ಲಿ ತವರು ಸ್ವೀಡನ್ನಿಗೆ ಒಯ್ಯಲು ಎಳೆದು ಹೊರಟಾಗ ಜಪಾನಿನ ಕರಾವಳಿಯಲ್ಲೇ ಮುಳುಗಿತು. ಕಟ್ಟೆಗೆ ಕಟ್ಟಿದಾಗ ಸಾಕಾಗುವ ತಗಡು ಅಲೆಗೆ ಸಾಕಾಗುವುದಿಲ್ಲ. ಒಮಾನಿನ ದುಕ್ಮ್‌ನಲ್ಲಿ ಕೆಲಕಾಲ ಹೋಟೆಲಾಗಿದ್ದ ಸ್ವೀಡಿಷ್ ಲೈನರ್ ಕುಂಗ್ಸ್‌ಹೋಮ್ ಕೊನೆಗೆ ನಮ್ಮ ಗುಜರಾತಿನ ಅಲಂಗ್‌ನಲ್ಲಿ ಚೂರಾಯಿತು. ಅಟ್ಲಾಂಟಿಕ್ ದಾಟುವ ವೇಗದಲ್ಲಿ ದಾಖಲೆ ಬರೆದ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗು ಫಿಲಡೆಲ್ಫಿಯಾದ ಕಟ್ಟೆಯಲ್ಲಿ 1996ರಿಂದ ಕಾದು, ಬಾಡಿಗೆಯ ವ್ಯಾಜ್ಯದಲ್ಲಿ ಸೋತು, 2025ರ ಫೆಬ್ರವರಿಯಲ್ಲಿ ಫ್ಲೋರಿಡಾದ ಮೀನುಗಳಿಗೆ ಕೃತಕ ದಿಬ್ಬವಾಗಲು ಹೊರಟಿತು. ಕೊಂಡ ಬೆಲೆ 10 ಲಕ್ಷ ಡಾಲರ್.

ಹಾಗೆಂದು ಒಡೆಯುವುದು ಅಗ್ಗ ಎಂದೂ ತಿಳಿಯಬೇಡಿ. ಕ್ವೀನ್ ಮೇರಿಯ ಬಗ್ಗೆ ಲಾಂಗ್ ಬೀಚ್ ನಗರ 2021ರಲ್ಲಿ ಮಾಡಿಸಿದ ಲೆಕ್ಕದಲ್ಲಿ, 25 ವರ್ಷ ಉಳಿಸಲು 15ರಿಂದ 17.5 ಕೋಟಿ ಡಾಲರ್, ಒಡೆಯಲು 10.5 ಕೋಟಿ, ಮುಳುಗಿಸಲು 19 ಕೋಟಿ. ಉಳಿಸುವುದಕ್ಕಿಂತ ಮುಳುಗಿಸುವುದೇ ದುಬಾರಿ! ಕಾರಣ ಕಲ್ನಾರು, ಹಳೆಯ ಎಣ್ಣೆ, ಸೀಸದ ಬಣ್ಣ. ಅಲಂಗ್‌ಗೆ 2006ರಲ್ಲಿ ಬಂದ ನಾರ್ವೆ ಎಂಬ ಹಡಗಿನ ಕಲ್ನಾರಿನ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದು ನಿಮಗೆ ನೆನಪಿರಬಹುದು. 2025ರ ಜೂನ್‌ನಿಂದ ಹಡಗು ಒಡೆಯುವಿಕೆಯ ಹಾಂಗ್‌ಕಾಂಗ್ ಒಪ್ಪಂದ ಜಾರಿಯಾದ ಮೇಲೆ ಕಾಗದಪತ್ರ ಇನ್ನೂ ಬಿಗಿಯಾಗಿದೆ. ಒಡೆಯುವುದು ಕಷ್ಟವಾದಷ್ಟೂ ಈ ಹಡಗುಗಳ ಆಯುಷ್ಯ ಹೆಚ್ಚುತ್ತದೆ ಎಂಬುದು ನನ್ನ ಲೆಕ್ಕಾಚಾರ. ಪ್ರೀತಿಗಿಂತ ಖರ್ಚಿನ ಭಯವೇ ಅವುಗಳನ್ನು ಹೆಚ್ಚು ಕಾಯುತ್ತಿದೆ.

ಕೋಣೆಯ ವಿಷಯ. ಹೊಸದಾಗಿ ಮಾಡಿದ ದೊಡ್ಡ ಕೋಣೆಗಿಂತ ಹಳೆಯ ಮರದ ಹೊದಿಕೆ ಉಳಿದಿರುವ, ದುಂಡು ಕಿಟಕಿಯ ಕೋಣೆ ಕೇಳಿ ಪಡೆಯಿರಿ. ಗೋಡೆಗಳು ತೆಳು, ಪಕ್ಕದವರ ಗೊರಕೆ ಕೇಳಿಸುತ್ತದೆ. ಮಂಡಿನೋವಿನವರು ಲಿಫ್ಟ್ ಎಷ್ಟು ದೂರ ಎಂದು ಮೊದಲೇ ವಿಚಾರಿಸಿ, ಓಣಿಗಳು ಮುಗಿಯುವುದೇ ಇಲ್ಲ. ದುಬೈಗೆ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋದರೆ ಹೊರಗಿನ ಡೆಕ್‌ಗಳಲ್ಲಿ ನಿಲ್ಲಲು ಸಾಧ್ಯ. ಜುಲೈಯಲ್ಲಿ ಹೋದರೆ ಲಾಬಿಯನ್ನೇ ನೋಡಿಕೊಂಡು ಬರಬೇಕಾದೀತು. ಮೀನಾ ರಶೀದ್ ಸುತ್ತಮುತ್ತ ವಾಸವಿರುವ ನಮ್ಮವರಿಗೆ ನನ್ನದೊಂದು ಕೋರಿಕೆ: ವರ್ಷಕ್ಕೊಮ್ಮೆ, ಅದೇ ತಿಂಗಳು, ಅದೇ ಜಾಗದಲ್ಲಿ ನಿಂತು, ಮೂತಿಯ ಅಂಕಿಗಳು ಮತ್ತು ನೀರಿನ ಗೆರೆ ಎರಡೂ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಬಂದರಿನಲ್ಲಿ ಕ್ಯಾಮೆರಾಕ್ಕೆ ನಿರ್ಬಂಧವಿರುವ ಕಡೆ ಮೊದಲು ಅನುಮತಿ ಕೇಳಿ. ಚಿತ್ರದ ಮೇಲೆ ದಿನಾಂಕ ಇರಲಿ, ಝೂಮ್ ಮಾಡದ ಮೂಲಪ್ರತಿಯನ್ನೇ ಇಟ್ಟುಕೊಳ್ಳಿ.